ತೀ. ನಂ. ಶ್ರೀ. ಅವರ ಪೂರ್ಣನಾಮದ ಉಚ್ಚಾರಣವಿಚಾರ

ತುಮಕೂರು ಜಿಲ್ಲೆಯ ತೆಂಗಿನ ಸೀಮೆಯು ಕನ್ನಡ ಸಾಹಿತ್ಯಕ್ಕೆ ಇಬ್ಬರು ಶ್ರೀಕಂಠಯ್ಯನವರನ್ನು ಕೊಟ್ಟಿದೆ. ಒಬ್ಬರು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ೧೮೮೪ರಲ್ಲಿ ಜನಿಸಿ, ‘ಇಂಗ್ಲಿಷ್ ಗೀತಗಳು’ ಎಂಬ ಕೃತಿಯಿಂದ ಹೊಸಗನ್ನಡ ಕವಿತೆಗೆ ದಾರಿ ತೆರೆದ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು. ಮತ್ತೊಬ್ಬರು ಅವರ ಶಿಷ್ಯರು. ನಮ್ಮ ಹುಳಿಯಾರು ಸೇರಿರುವ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ೧೯೦೬ರಲ್ಲಿ ಜನಿಸಿ, ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ರಚಿಸಿದ ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯನವರು. ಇವರ ಹೆಸರುಗಳನ್ನು ಉಚ್ಚರಿಸದ ಕನ್ನಡ ಅಧ್ಯಾಪಕನಿಲ್ಲ. ಆದರೆ ಉಚ್ಚಾರಣೆಯು ಎಲ್ಲೆಡೆಯೂ ಶುದ್ಧವಾಗಿದೆಯೆಂದು ಹೇಳುವಂತಿಲ್ಲ. ಆದುದರಿಂದ ಶಿಷ್ಯರ ಪೂರ್ಣನಾಮವನ್ನು ಮುಖ್ಯವಾಗಿಟ್ಟುಕೊಂಡು, ಗುರುಗಳ ಹೆಸರನ್ನು ಹೋಲಿಕೆಗೆ ತಂದುಕೊಂಡು, ಈ ವಿಷಯವನ್ನು ಸ್ವಲ್ಪ ವಿಚಾರ ಮಾಡುವುದು ಅನುಚಿತವಾಗಲಾರದು.

ಮೊದಲು ‘ಶ್ರೀಕಂಠ’ ಶಬ್ದವನ್ನು ನೋಡೋಣ. ಕಂಠದಲ್ಲಿ ಶ್ರೀಯುಳ್ಳವನು ಎಂದು ಇದಕ್ಕೆ ಬಹುವ್ರೀಹಿ ವಿಗ್ರಹ. ಇಲ್ಲಿ ಶ್ರೀ ಎಂದರೆ ಶೋಭೆಯೆಂದು ಕೆಲವರೂ, ವಿಷವೆಂದು ಕೆಲವರೂ ಅರ್ಥ ಮಾಡುವರು. ವಿಷವೇ ಆ ಕಂಠಕ್ಕೆ ಶೋಭೆಯಾದುದರಿಂದ ಎರಡಕ್ಕೂ ವಿರೋಧವಿಲ್ಲ. ಅಮರಸಿಂಹನು ಶಿವನ ನಾಮಗಳಲ್ಲಿ ಇದನ್ನು ಎಣಿಸಿದ್ದಾನೆ. ಕಾಶ್ಮೀರದ ಮಂಖಕವಿಯ ‘ಶ್ರೀಕಂಠಚರಿತ’ವು ತ್ರಿಪುರದಹನದ ಕಾವ್ಯ. ‘ಶ್ರೀಕಾಂತ’ ಶಬ್ದವಾದರೋ ಶ್ರೀಯ ಕಾಂತನು, ಲಕ್ಷ್ಮೀಪತಿಯು, ಎಂಬ ಷಷ್ಠೀತತ್ಪುರುಷ. ಅದು ವಿಷ್ಣುವಿನ ನಾಮ. ಹೀಗಿರಲಾಗಿ ‘ಶ್ರೀಕಾಂತಯ್ಯ’ನೆಂದು ಓದಿದವನು ಒಂದು ಸ್ವರವನ್ನು ಮಾತ್ರ ನೀಳಮಾಡಿದನೆಂದು ತಿಳಿಯಬಾರದು. ಅವನು ಸಮಾಸವನ್ನು ಬದಲಾಯಿಸಿದನು, ದೇವತೆಯನ್ನೂ ಬದಲಾಯಿಸಿದನು.

ಈ ತಪ್ಪು ಬೇರೆ ಕಡೆಯೂ ಕಂಡುಬರುತ್ತದೆ. ಮೈಸೂರು ರಾಜವಂಶದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ (೧೯೫೩–೨೦೧೩) ಹೆಸರಿಗೆ ಶ್ರೀಕಂಠನಿಂದ ಕೊಡಲ್ಪಟ್ಟವನು ಎಂದರ್ಥ. ಅದನ್ನು ‘ಶ್ರೀಕಾಂತದತ್ತ’ವೆಂದು ಹೇಳುವವರು, ವರವನ್ನು ಕೊಟ್ಟ ದೇವರನ್ನೇ ಮರೆಯಿಸುತ್ತಾರೆ.

ಇದಕ್ಕೆ ಕಾರಣವೇನು? ರೋಮನ್ ಲಿಪಿಯ ಬರೆವಣಿಗೆ. ವಿಶೇಷ ಚಿಹ್ನೆಗಳಿಲ್ಲದ ಆ ಲಿಪಿಯಲ್ಲಿ ಟಕಾರ ತಕಾರಗಳಿಗೆ ಭೇದವಿಲ್ಲ. ಅಕಾರ ಆಕಾರಗಳಿಗೆ ಭೇದವಿಲ್ಲ. ಲಕಾರ ಳಕಾರಗಳಿಗೂ ಭೇದವಿಲ್ಲ. ನಮ್ಮ ಹುಳಿಯಾರನ್ನು ಹಾಗೆ ಬರೆದರೆ, ಹುಳಿಯೋ ಹುಲಿಯೋ ಹೊರಗಿನವರಿಗೆ ತಿಳಿಯದು. ‘ಶ್ರೀಕಂಠಯ್ಯ’ ಎಂಬಲ್ಲಿ ಮಹಾಪ್ರಾಣವನ್ನು ಸೂಚಿಸುವ ಎಚ್ ಅಕ್ಷರವನ್ನೂ ಬಿಟ್ಟು ಬರೆಯುವುದೇ ವಾಡಿಕೆಯಾಗಿರುವುದರಿಂದ, ಕಣ್ಣಿಗೆ ಬೀಳುವುದು ‘ಕಾಂತ’ವೇ ಹೊರತು ‘ಕಂಠ’ವಲ್ಲ.

ಛಂದಸ್ಸಿನಲ್ಲಿ ಪಳಗಿದ ಕಿವಿಯೂ ಇಲ್ಲಿ ಮೋಸಹೋಗುವ ಸಂಭವವುಂಟು. ‘ಕಂ’ ಎಂಬುದು ಬಿಂದುವಿನಿಂದ ಗುರು. ‘ಕಾಂ’ ಎಂಬುದೂ ಗುರುವೇ. ಶ್ರೀಕಂಠಯ್ಯ, ಶ್ರೀಕಾಂತಯ್ಯ ಎಂಬೆರಡರಲ್ಲಿಯೂ ಮೂರು ಗುರು, ಒಂದು ಲಘು. ಪ್ರಸ್ತಾರದಿಂದ ದೋಷವು ಗೋಚರಿಸುವುದಿಲ್ಲ. ಸ್ಥಾನಪ್ರಯತ್ನಗಳನ್ನು ಗಮನಿಸಿದರೆ ಮಾತ್ರ ಗೋಚರಿಸುತ್ತದೆ.

ಎರಡನೆಯದು ‘ನಂಜುಂಡಯ್ಯ’. ಇದು ಅಚ್ಚಗನ್ನಡದ ಹೆಸರು. ನಂಜು ಎಂದರೆ ವಿಷ. ಅದನ್ನು ಉಂಡವನು ನಂಜುಂಡ. ಅಂದಮೇಲೆ ತಂದೆಯ ಹೆಸರೂ ಮಗನ ಹೆಸರೂ ಒಂದೇ ದೇವರದು. ಒಂದು ಕನ್ನಡದಲ್ಲಿ, ಇನ್ನೊಂದು ಸಂಸ್ಕೃತದಲ್ಲಿ. ನಂಜನಗೂಡಿನ ಸ್ವಾಮಿಗೆ ನಂಜುಂಡೇಶ್ವರ, ಶ್ರೀಕಂಠೇಶ್ವರ ಎಂಬ ಎರಡು ನಾಮಗಳೂ ಸಲ್ಲುವುದು ವಾಚಕರಿಗೆ ವಿದಿತವೇ ಆಗಿದೆ. ಈ ಸಂಬಂಧವು ‘ಶ್ರೀಕಾಂತಯ್ಯ’ನೆಂದೊಡನೆ ಕಡಿದುಹೋಗುವುದು. ಉಚ್ಚಾರಣೆಯಲ್ಲಿ ಒಂದು ಭೇದವನ್ನು ಮಾತ್ರ ನೆನಪಿಡತಕ್ಕದ್ದು: ಕಂಠದಲ್ಲಿ ಮಹಾಪ್ರಾಣ, ಉಂಡದಲ್ಲಿ ಅಲ್ಪಪ್ರಾಣ. ಶುದ್ಧಿಯ ಹಂಬಲದಿಂದ ಕನ್ನಡದ ಡಕಾರಕ್ಕೂ ಪ್ರಾಣವನ್ನು ಹೆಚ್ಚಿಸಿ ‘ನಂಜುಂಢ’ ಎನ್ನುವುದು ಅಶುದ್ಧಿಯೇ.

ಇನ್ನು ಬಿಂದುವಿನ ವಿಚಾರ. ಅನುಸ್ವಾರದ ಮುಂದೆ ವರ್ಗಾಕ್ಷರವಿದ್ದರೆ, ಆ ಬಿಂದುವು ಅದೇ ವರ್ಗದ ಅನುನಾಸಿಕವಾಗಿ ಉಚ್ಚರಿಸಲ್ಪಡುತ್ತದೆ. ಅದರಂತೆ ‘ನಂಜು’ ಎಂಬಲ್ಲಿ ಞಕಾರ. ‘ಉಂಡ’, ‘ಕಂಠ’ ಎಂಬಲ್ಲಿ ಣಕಾರ. ಪೂರ್ಣನಾಮವನ್ನು ಬಿಡಿಸಿ ಬರೆದರೆ ‘ನಞ್ಜುಣ್ಡಯ್ಯ ಶ್ರೀಕಣ್ಠಯ್ಯ’ ಎಂದಾಗುವುದು. ಗುರುಗಳ ಜನ್ಮಸ್ಥಳವಾದ ಸಂಪಿಗೆಯಲ್ಲಿ ಅದೇ ಬಿಂದುವು ಮಕಾರ. ಆದರೆ ‘ತೀನಂಶ್ರೀ’ ಎಂದು ಸಂಕ್ಷೇಪಿಸಿದಾಗ ಬಿಂದುವಿನ ಮುಂದೆ ಬರುವುದು ಜಕಾರವಲ್ಲ, ಶಕಾರ. ಊಷ್ಮಾಕ್ಷರಗಳ ಮುಂದೆ ಪರಸವರ್ಣವಿಲ್ಲ. ವಂಶ, ಹಂಸ ಎಂಬಲ್ಲಿರುವಂತೆ ಅನುಸ್ವಾರವು ಅನುಸ್ವಾರವಾಗಿಯೇ ನಿಲ್ಲುವುದು. ಬಿಡಿಯಾಗಿ ನಿಲ್ಲಿಸಿ ‘ನಂ’ ಎಂದರೆ ಮಕಾರವೇ ಕೇಳಿಸುವುದು. ಆದುದರಿಂದ ಸಂಕ್ಷೇಪದಲ್ಲಿ ಞಕಾರವನ್ನು ತರಬೇಕಾಗಿಲ್ಲ. ಪೂರ್ಣನಾಮದಲ್ಲಿ ಅದನ್ನು ಬಿಡಲಾಗದು.

‘ಅಯ್ಯ’ ಶಬ್ದವು ಸೇರುವ ಬಗೆಯನ್ನೂ ನೋಡಬೇಕು. ಶ್ರೀಕಂಠ, ಅಯ್ಯ ಎಂಬಲ್ಲಿ ಪರಪದವು ಕನ್ನಡದ್ದಾದುದರಿಂದ ಲೋಪಸಂಧಿಯೇ ಪ್ರಾಪ್ತ, ಸವರ್ಣದೀರ್ಘಕ್ಕೆ ಅವಕಾಶವಿಲ್ಲ. ರೋಮನ್ ಲಿಪಿಯಲ್ಲಿ ಇದರ ಕೊನೆಯನ್ನು ಎ, ಐ, ಎ, ಎಚ್ ಎಂದು ಬರೆಯುವುದನ್ನು ಕಂಡು ‘ಐಯಾ’ ಎಂದು ಎಳೆಯುವುದು ಯಾವ ಸಂಧಿಯಿಂದಲೂ ಸಾಧುವಾಗದು. ಯಕಾರವು ದ್ವಿತ್ವ, ಕೊನೆಯ ಅಕಾರವು ಹ್ರಸ್ವ.

ಊರಿನ ಹೆಸರಿನಲ್ಲಿ ‘ತೀ’ ದೀರ್ಘ. ‘ತೀರ್ಥ’ ಎಂಬಲ್ಲಿ ಒತ್ತಕ್ಷರವು ಪರವಾಗಿರುವುದರಿಂದ ಹ್ರಸ್ವವಾಗಿ ಹೇಳಿದರೂ ಗುರುತ್ವವು ಉಳಿಯುವುದು. ಸಂಕ್ಷೇಪದಲ್ಲಿ ಆ ಆಸರೆ ಇಲ್ಲ. ‘ತಿ. ನಂ.’ ಎಂದು ಬರೆದರೆ ತೀರ್ಥಪುರವು ಕಾಣದಾಗುತ್ತದೆ. ಇಲ್ಲಿ ಒಂದು ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ತಿಳಿಸುವುದು ಆವಶ್ಯಕ. ಶಿಷ್ಯರ ಸಂಕ್ಷೇಪವು ಕನ್ನಡದ ಅಕ್ಷರಗಳಿಂದ ಆದುದು: ತೀ, ನಂ, ಶ್ರೀ. ಗುರುಗಳದು ಮಿಶ್ರ: ಬಿ, ಎಂ ಎಂಬುವು ಇಂಗ್ಲಿಷ್ ಅಕ್ಷರಗಳ ಹೆಸರುಗಳು, ಶ್ರೀ ಮಾತ್ರ ಕನ್ನಡದ್ದು. ಬಿ ಎಂಬುದರಿಂದ ಬಿಕಾರದ ಊರನ್ನು ಹುಡುಕಬಾರದು, ಅದು ಬೆಳ್ಳೂರು. ಎಂ ಎಂಬುದು ಮೈಲಾರಯ್ಯ. ಇಬ್ಬರ ಅಂಕಿತನಾಮವೂ ಒಂದೇ ಆದುದರಿಂದ ಇವರನ್ನು ಬೇರ್ಪಡಿಸುವುವು ಈ ಮೊದಲಕ್ಷರಗಳೇ. ಅದರಲ್ಲಿಯೂ ಹಿರಿಯರ ಕಾವ್ಯನಾಮವು ‘ಶ್ರೀ’. ಅದನ್ನು ಗೌರವವಾಚಕವಾದ ಶ್ರೀಕಾರದೊಡನೆ ಬೆರಸಬಾರದು.

ಹಾಗಾದರೆ ಹಳ್ಳಿಯ ಬಾಯಿಮಾತಿನ ಗತಿಯೇನು? ಶ್ರೀನಿವಾಸನು ಸೀನನಾಗುವಂತೆ ಶ್ರೀಕಂಠಯ್ಯನು ‘ಸೀಕಂಟಯ್ಯ’ನಾಗುವುದುಂಟು. ಇದರಲ್ಲಿ ಶಕಾರವು ಸಕಾರವಾಯಿತು, ರೇಫವು ಲೋಪವಾಯಿತು, ಮಹಾಪ್ರಾಣವು ಇಳಿಯಿತು. ಪಾಠದಲ್ಲಿ ಇದು ಸಲ್ಲದು, ನಿಜ. ಆದರೂ ಅಕಾರವು ಹ್ರಸ್ವವಾಗಿಯೇ ಉಳಿದಿದೆ, ಟಕಾರವು ಮೂರ್ಧನ್ಯವಾಗಿಯೇ ಉಳಿದಿದೆ; ವಿಷಕಂಠನು ವಿಷಕಂಠನಾಗಿಯೇ ಇದ್ದಾನೆ. ಓದಿದವನು ಶಕಾರ ರೇಫಗಳನ್ನೆಲ್ಲ ಉಳಿಸಿಕೊಂಡು ‘ಶ್ರೀಕಾಂತಯ್ಯ’ ಎಂದರೆ, ನಯವಾಗಿ ಕೇಳಿಸಿದರೂ ಹೆಸರೇ ಬೇರೆ. ಪ್ರಯತ್ನದ ಶೈಥಿಲ್ಯವು ಒಂದು ದೋಷ. ಅರ್ಥದ ವಿಪರ್ಯಾಸವು ಬೇರೊಂದು. ಮೊದಲನೆಯದನ್ನು ಅಧ್ಯಾಪಕನು ಸಾವಧಾನವಾಗಿ ತಿದ್ದಬಹುದು. ಎರಡನೆಯದನ್ನು ಕೇಳಿದೊಡನೆಯೇ ತಿದ್ದತಕ್ಕದ್ದು. ನಗೆಗೆ ಪಾತ್ರವಾಗಬೇಕಾದುದು ಹಳ್ಳಿಯ ಹುಡುಗನ ನಾಲಗೆಯಲ್ಲ.

ಇದಕ್ಕೆ ಉಪಾಯವು ಸುಲಭ. ಕವಿಪರಿಚಯದ ಮೊದಲ ದಿನ ಪೂರ್ಣನಾಮವನ್ನು ಕನ್ನಡ ಲಿಪಿಯಲ್ಲಿ, ಬಿಂದುಗಳನ್ನು ಬಿಡಿಸಿ, ಹಲಗೆಯ ಮೇಲೆ ಒಮ್ಮೆ ಬರೆದು ಓದಿಸಬೇಕು. ರೋಮನ್ ಲಿಪಿಯು ಅನಿವಾರ್ಯವಾದ ಗ್ರಂಥಸೂಚಿಗಳಲ್ಲಿ ಕನ್ನಡ ರೂಪವನ್ನೂ ಪಕ್ಕದಲ್ಲಿ ಕೊಡಬೇಕು. ವ್ಯಾಕರಣವನ್ನೂ ಕಾವ್ಯಮೀಮಾಂಸೆಯನ್ನೂ ನಮಗೆ ತಿಳಿಯಹೇಳಿದವರ ಹೆಸರಿನಲ್ಲಿಯೇ ನಾವು ವ್ಯಾಕರಣವನ್ನು ತಪ್ಪುವುದು ಶೋಭಿಸುವುದಿಲ್ಲ. ಅಲಮತಿವಿಸ್ತರೇಣ.