ಮಾತು ನಿಂತವರ ಬಾಯಲ್ಲಿ ಹಾಡು

ಕೆಲವು ವರ್ಷಗಳ ಹಿಂದೆ, ಶ್ರಾವಣ ಮಾಸದಲ್ಲಿ, ಹಿರಿಯರೊಬ್ಬರನ್ನು ಅವರ ಕಿರಿಯ ಮಗ ಮತ್ತು ಧರ್ಮಪತ್ನಿ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ವಯಸ್ಸು 68. ಒಕ್ಕಲುತನದ ಮನೆತನ, ಊರಿನ ಭಜನಾ ಮೇಳದಲ್ಲಿ ನಲವತ್ತು ವರ್ಷ ಮುಂದೆ ನಿಂತು ಹಾಡಿದವರು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿದ್ದವು, ಮಾತು ನಿಂತಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಮನೆಗೆ ಮರಳಿದ್ದರು. ಕಾಲಿಗೆ ಒಂದಿಷ್ಟು ಬಲ ಬಂದಿತ್ತು. ಅಭ್ಯಂಗ, ಸ್ವೇದನಗಳಿಗಾಗಿ ನಮ್ಮಲ್ಲಿಗೆ ಬಂದಿದ್ದರು.

ಪರೀಕ್ಷೆ ಮುಗಿಯುವ ಹೊತ್ತಿಗೆ ಮಗ ತಡೆತಡೆದು ಕೇಳಿದ: "ಡಾಕ್ಟರ್ರೀ, ತಪ್ಪ ತಿಳೀಬ್ಯಾಡ್ರಿ. ನಮ್ಮಪ್ಪ ನಿತ್ಯ ಪೂಜಾದಾಗ ವಚನ ಹಾಡ್ತಾನ. ಒಂದ ಅಕ್ಷರ ತಪ್ಪಂಗಿಲ್ಲ. ಆಮ್ಯಾಲ 'ಅಪ್ಪಾ, ಉಣ್ತೀಯೇನು' ಅಂದ್ರ ಬಾಯಿ ಬಿಡಂಗಿಲ್ಲ. ಹೊಲದ ಪಾಲಿನ ಮಾತ ಬರಬಾರದಂತ ಹಿಂಗ ಮಾಡ್ತಾನ ಅಂತ ನಮ್ಮ ಅಣ್ಣ ಅಂತಾನ್ರೀ. ಹಾಡಾಕ ಬರೋ ಬಾಯಿಗೆ ಮಾತಾಡಾಕ ಬರಂಗಿಲ್ಲೇನ್ರೀ?"

ಹಿರಿಯರು ಅಲ್ಲಿಯೇ ಕುಳಿತಿದ್ದರು. ಪ್ರತಿಯೊಂದು ಶಬ್ದವೂ ಅವರಿಗೆ ತಿಳಿಯುತ್ತಿತ್ತು. ಏನೋ ಹೇಳಲು ತುಟಿ ಅಲುಗಿಸಿದರು, ಬಂದದ್ದು "ತ... ತ..." ಎಂಬ ದನಿಯೊಂದೇ. ಎಡಗೈಯಿಂದ ಕಣ್ಣು ಒರೆಸಿಕೊಂಡರು.

ಆ ಮಗನ ಪ್ರಶ್ನೆ ಅನೇಕ ಮನೆಗಳಲ್ಲಿ ಬಾಯಿಗೆ ಬಾರದೆ ಉಳಿದಿರುವ ಪ್ರಶ್ನೆ. ಶರಣರ ವಚನಗಳನ್ನು ಹಾಡಿಕೊಂಡು ಬಂದ ನಮ್ಮ ಮನೆಗಳಲ್ಲಿ ಈ ಸಂಶಯ ಹುಟ್ಟಲು ಆಸ್ಪದವೂ ಹೆಚ್ಚು. ಆದ್ದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿಚಾರಿಸಲು ಬಯಸಿದ್ದೇವೆ.

ಹಾಡಬಲ್ಲವನಿಗೆ ಮಾತನಾಡಲು ಬಾರದಿರುವುದು ನಟನೆಯಲ್ಲ. ಇದು ವೈದ್ಯಲೋಕಕ್ಕೆ ಹೊಸದೂ ಅಲ್ಲ. 1745ರಲ್ಲಿ ಸ್ವೀಡನ್ ದೇಶದ ಓಲೋಫ್ ದಾಲಿನ್ ಎಂಬವರು ಇಂಥದೇ ಒಬ್ಬ ರೋಗಿಯನ್ನು ಕುರಿತು ಬರೆದಿಟ್ಟಿದ್ದಾರೆ. ಬಲಭಾಗ ಸೋತು ಮಾತು ಹೋಗಿದ್ದ ಆ ಮನುಷ್ಯ, ಕಾಯಿಲೆಗೆ ಮುಂಚೆ ಕಲಿತಿದ್ದ ಪ್ರಾರ್ಥನಾಗೀತೆಗಳನ್ನು ಯಾರಾದರೂ ಎತ್ತಿಕೊಟ್ಟರೆ ಸ್ಪಷ್ಟವಾಗಿ ಹಾಡುತ್ತಿದ್ದನಂತೆ. ಮುಂದೆ 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ಬಹುಮಟ್ಟಿಗೆ 'ತಾನ್' ಎಂಬ ಒಂದೇ ಶಬ್ದದಲ್ಲಿ ವರ್ಷಗಟ್ಟಲೆ ಬದುಕಿ ತೀರಿಕೊಂಡ ರೋಗಿಯೊಬ್ಬನ ಮೆದುಳನ್ನು ಪರೀಕ್ಷಿಸಿದಾಗ ಎಡಗಡೆಯ ಮುಂಭಾಗದಲ್ಲಿ ಹಾನಿ ಕಂಡರು. ಮಾತನ್ನು ಜೋಡಿಸಿ ಹೊರಗೆ ಕಳಿಸುವ ಕೆಲಸ ಹೆಚ್ಚಿನವರಲ್ಲಿ ಮೆದುಳಿನ ಎಡ ಅರ್ಧದ್ದು ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಎಡ ಮೆದುಳಿಗೆ ಪೆಟ್ಟಾದರೆ ಸೋಲುವುದು ಬಲಗೈ, ಬಲಗಾಲು. ಅದಕ್ಕಾಗಿಯೇ ಬಲಭಾಗದ ಲಕ್ವದೊಡನೆ ಮಾತೂ ಹೋಗುವುದು ಹೆಚ್ಚು. ಇದಕ್ಕೆ ಇಂದು ಅಫೇಸಿಯಾ ಎನ್ನುತ್ತಾರೆ. ಚರಕಾಚಾರ್ಯರು ವಾತದ ಎಂಬತ್ತು ವಿಕಾರಗಳಲ್ಲಿ ವಾಕ್ಸಂಗವನ್ನು ಎಣಿಸಿದ್ದಾರೆ. ಮಾತಿನ ಪ್ರವೃತ್ತಿ ಉದಾನವಾಯುವಿನ ಕಾರ್ಯವೆಂದು ನಮ್ಮ ಶಾಸ್ತ್ರ ಹೇಳುತ್ತದೆ.

ಹಾಡಿನ ರೀತಿ ಬೇರೆ. ರಾಗವನ್ನು ಹಿಡಿಯುವ, ನೆನಪಿಡುವ ಕೆಲಸದಲ್ಲಿ ಬಲ ಅರ್ಧದ ಪಾಲು ದೊಡ್ಡದು. ಸಾವಿರ ಸಲ ಹಾಡಿದ ವಚನವಂತೂ ಪೋಣಿಸಿಟ್ಟ ಸರದಂತೆ. ಒಂದು ತುದಿ ಎಳೆದರೆ ಇಡಿಯ ಸರವೇ ಬರುತ್ತದೆ. ಮಾತಿನಲ್ಲಿ ಪ್ರತಿ ಮಣಿಯನ್ನೂ ಆಗಿಂದಾಗ ಆರಿಸಿ ಪೋಣಿಸಬೇಕು. ಆ ಹಿರಿಯರಲ್ಲಿ ಪೋಣಿಸುವ ಕೈ ಸೋತಿತ್ತು, ಹಳೆಯ ಸರ ಉಳಿದಿತ್ತು. ಸಾಲದ್ದಕ್ಕೆ ಅವರು ಆಕಾಶವಾಣಿಯ ಕಾಲದವರು. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾದ ಮೇಲೆ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರ ಕಂಠದ ವಚನಗಳನ್ನು ಕೇಳುತ್ತ ಬೆಳೆದ ತಲೆಮಾರು ಅದು. ಅಷ್ಟು ಆಳದಲ್ಲಿ ಇಳಿದದ್ದು ಒಂದು ಪೆಟ್ಟಿಗೆ ಅಳಿಯುವುದಿಲ್ಲ.

ಇಲ್ಲಿ ನಾವು ಮಾಡಿದ ಒಂದು ತಪ್ಪನ್ನು ಹೇಳಬೇಕು. ಹಾಡು ಉಳಿದಿದೆಯಲ್ಲ, ಅದನ್ನೇ ಹೆಚ್ಚಿಸಿದರೆ ಮಾತು ತಾನಾಗಿ ಬಂದೀತೆಂದು ಭಾವಿಸಿ, ದಿನಕ್ಕೆ ಎರಡು ಹೊತ್ತು ವಚನ ಹಾಡಿಸಿರೆಂದು ಮನೆಯವರಿಗೆ ಹೇಳಿದೆವು. ಎರಡು ವಾರ ಹಾಡಿಸಿದರು. ಹಿರಿಯರ ಮುಖದಲ್ಲಿ ಕಳೆ ಬಂತು, ನಿದ್ರೆ ಸುಧಾರಿಸಿತು, ಊಟ ಸೇರಿತು. ಮಾತು ಮಾತ್ರ ಒಂದೂ ಬರಲಿಲ್ಲ. ಆಗ ನಗರದಲ್ಲಿರುವ ಮಾತಿನ ಚಿಕಿತ್ಸಕರೊಬ್ಬರನ್ನು ಕೇಳಿದೆವು. ವಯಸ್ಸಿನಲ್ಲಿ ನಮ್ಮ ಅರ್ಧದಷ್ಟಿದ್ದ ಆ ಹೆಣ್ಣುಮಗಳು ವಿನಯದಿಂದಲೇ ನಮ್ಮನ್ನು ತಿದ್ದಿದಳು: ಇದ್ದ ಹಾಡನ್ನು ಹಾಡಿಸಿದರೆ ಹಾಡು ಗಟ್ಟಿಯಾಗುತ್ತದೆಯೇ ಹೊರತು ಮಾತಲ್ಲ, ಬೇಕಾದ ಮಾತನ್ನೇ ಹಾಡಾಗಿ ಮಾಡಬೇಕು.

ಈ ವಿಧಾನವನ್ನು ಅಮೆರಿಕದ ಬೋಸ್ಟನ್ನಿನಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬ ಮೂವರು 1973ರಲ್ಲಿ ಪ್ರಕಟಿಸಿದರು. ಮೆಲೋಡಿಕ್ ಇಂಟೊನೇಶನ್ ಥೆರಪಿ ಎಂದು ಅದರ ಹೆಸರು. 'ನೀರು ಬೇಕು' ಎಂಬ ಮಾತನ್ನೇ ತೆಗೆದುಕೊಳ್ಳೋಣ. ನೀ, ರು, ಬೇ, ಕು: ನಾಲ್ಕು ಅಕ್ಷರ. ರೋಗಿಗೆ ನಮ್ಮ ತುಟಿ ಕಾಣುವಂತೆ ಎದುರಿಗೆ ಕುಳಿತುಕೊಳ್ಳಬೇಕು. ಅವರ ಎಡಗೈಯನ್ನು ಹಿಡಿದು ಅಕ್ಷರಕ್ಕೊಂದರಂತೆ ಮೇಜಿನ ಮೇಲೆ ಮೆಲ್ಲಗೆ ತಟ್ಟಬೇಕು. ಎರಡೇ ಸ್ವರ ಸಾಕು, ಒಂದು ತುಸು ಮೇಲೆ, ಒಂದು ತುಸು ಕೆಳಗೆ. ಮೊದಲು ಅಕ್ಷರವಿಲ್ಲದೆ ಗುನುಗುವುದು. ಅನಂತರ ಇಬ್ಬರೂ ಕೂಡಿ ನಿಧಾನವಾಗಿ ಎಳೆದು ಹಾಡುವುದು. ಅನಂತರ ನಾವು ನಡುವೆ ದನಿ ನಿಲ್ಲಿಸಿ ಉಳಿದದ್ದನ್ನು ಅವರಿಗೆ ಬಿಡುವುದು. ಇದು ಕುದುರಿದ ಮೇಲೆ ನಾವು ಹಾಡಿದ್ದನ್ನು ಅವರು ಒಬ್ಬರೇ ತಿರುಗಿ ಹಾಡಬೇಕು. ಕೊನೆಗೆ 'ಏನು ಬೇಕು?' ಎಂದು ಕೇಳಿ ಉತ್ತರವನ್ನು ಹಾಡಿಸಬೇಕು. ವಾರಗಟ್ಟಲೆ ನಡೆದ ಬಳಿಕ ಎಳೆತವನ್ನು ಕಡಿಮೆ ಮಾಡುತ್ತ ಸಾಮಾನ್ಯ ಮಾತಿನ ಧಾಟಿಗೆ ತರಬೇಕು. 2011ರ ಜನವರಿಯಲ್ಲಿ ತಲೆಗೆ ಗುಂಡು ಬಿದ್ದು ಮಾತು ಕಳೆದುಕೊಂಡ ಅಮೆರಿಕದ ಸಂಸತ್ ಸದಸ್ಯೆ ಗೇಬ್ರಿಯೆಲ್ ಗಿಫರ್ಡ್ಸ್ ಅವರ ಚಿಕಿತ್ಸೆಯಲ್ಲಿಯೂ ಹಾಡು ಮುಖ್ಯ ಸಾಧನವಾಗಿತ್ತು. ಎರಡು ವರ್ಷಗಳ ಬಳಿಕ ಆಕೆ ಅಲ್ಲಿನ ಸೆನೆಟ್ ಸಮಿತಿಯ ಮುಂದೆ ತಮ್ಮ ಚಿಕ್ಕ ಹೇಳಿಕೆಯನ್ನು ತಾವೇ ನುಡಿದರು.

ರಾಗ ಬಾರದವರು ಅಂಜಬೇಕಿಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಉಪಕಾರದಲ್ಲಿ ರಾಗಕ್ಕಿಂತ ಲಯದ ಪಾಲು, ದಿನಬಳಕೆಯ ಸಿದ್ಧ ಮಾತುಗಳ ಪಾಲು ಹೆಚ್ಚೆಂದು ತೋರಿಸಿದೆ. ತಟ್ಟುವ ಕೈ ತಪ್ಪದಿದ್ದರೆ ಸಾಕು.

ಯಾವ ಮಾತುಗಳನ್ನು ಆರಿಸಬೇಕೆಂಬುದೂ ಮುಖ್ಯ. ನಾವು 'ನೀರು ಬೇಕು', 'ಊಟ ಬೇಕು' ಎಂದು ಶುದ್ಧ ಗ್ರಂಥಭಾಷೆಯ ಪಟ್ಟಿಯೊಂದನ್ನು ಬರೆದುಕೊಂಡು ಹೋಗಿದ್ದೆವು. ಹಿರಿಯರ ಧರ್ಮಪತ್ನಿ ಅದನ್ನು ಕೇಳಿ ಸೆರಗು ಬಾಯಿಗೆ ಹಿಡಿದು ನಕ್ಕರು. "ಅವರು ಹಂಗ ಎಲ್ಲಿ ಮಾತಾಡ್ತಿದ್ರ್ರೀ? ನನ್ನ ಹೆಸರ ಹಿಡದ ಎಂದೂ ಕರದವ್ರಲ್ಲ. 'ಏ ಕೇಳಿಲ್ಲೇನ' ಅಂತಿದ್ರು. ಬರಕೋಳ್ಳೂದಿದ್ರ ಅದನ್ನ ಬರಕೋರಿ." ಬರೆದುಕೊಂಡೆವು. ಐದನೆಯ ವಾರದಲ್ಲಿ ಒಂದು ಸಂಜೆ ಆ ತಾಯಿ ಹಿತ್ತಲಲ್ಲಿದ್ದಾಗ, ಒಳಗಿನಿಂದ ಎರಡು ಸ್ವರದಲ್ಲಿ ಎಳೆದ ಅದೇ ಕರೆ ಕೇಳಿಬಂತಂತೆ. ಆಕೆ ಕೊಡ ಅಲ್ಲಿಯೇ ಬಿಟ್ಟು ಓಡಿಬಂದರೆಂದು ಮಗ ಹೇಳಿದ.

ಹಿರಿಯ ಮಗನನ್ನೂ ನಾವು ಬರಹೇಳಿದೆವು. ಮೆದುಳಿನ ಚಿತ್ರ ತೋರಿಸಿ ಅರ್ಧ ಗಂಟೆ ವಿವರಿಸಿದರೂ ಆತ ಮೌನವಾಗಿಯೇ ಕುಳಿತಿದ್ದ. ತಂದೆಯ ಕೈ ಹಿಡಿದು ತಟ್ಟುವ ಕೆಲಸವನ್ನು ಒಂದು ವಾರ ಅವನಿಗೇ ವಹಿಸಿದೆವು. ಒಂದೊಂದು ಅಕ್ಷರಕ್ಕೆ ತಂದೆ ಪಡುವ ಪಾಡನ್ನು ಎದುರಿಗೆ ಕುಳಿತು ನೋಡಿದ ಮೇಲೆ ಆ ಮನೆಯಲ್ಲಿ ನಟನೆಯ ಮಾತು ನಿಂತಿತು. ಪಾಲಿನ ವಿಷಯ ಏನಾಯಿತೆಂದು ನಾವು ಕೇಳಲಿಲ್ಲ.

ಹಿರಿಯರಿಗೆ ಮಾತು ಪೂರ್ತಿ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ವರ್ಷ ಕಳೆಯುವ ಹೊತ್ತಿಗೆ ಮೂವತ್ತರಷ್ಟು ಚಿಕ್ಕ ಮಾತುಗಳು ಬಳಕೆಗೆ ಬಂದಿದ್ದವು. ಉದ್ದನೆಯ ವಾಕ್ಯ ಬರಲಿಲ್ಲ. ಈ ವಿಧಾನ ಎಲ್ಲರಿಗೂ ಹೊಂದುವುದೂ ಇಲ್ಲ. ಹೇಳಿದ್ದು ತಿಳಿಯುತ್ತದೆ, ಹೇಳಲು ಮಾತ್ರ ಬಾರದು ಎಂಬ ಸ್ಥಿತಿಯವರಿಗೆ ಇದು ತಕ್ಕದ್ದು. ಕೆಲವರಿಗೆ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಅರ್ಥವಿರುವುದಿಲ್ಲ, ನಾವಾಡಿದ್ದೂ ತಿಳಿಯುವುದಿಲ್ಲ. ಅಂಥವರಿಗೆ ಬೇರೆ ದಾರಿಯೇ ಬೇಕು. ಯಾರು ಯಾವ ಬಗೆಯವರೆಂದು ನಿರ್ಣಯಿಸುವುದು ಮಾತಿನ ಚಿಕಿತ್ಸಕರ ಕೆಲಸ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇಂಥ ಕೆಲಸಕ್ಕೆ ಹೆಸರಾದವು. ದೊಡ್ಡ ಆಸ್ಪತ್ರೆಗಳಲ್ಲಿಯೂ ಈಗ ಇಂಥ ಚಿಕಿತ್ಸಕರು ದೊರೆಯುತ್ತಾರೆ.

ಮೊದಲ ಎರಡು ವಾರ ವಚನ ಹಾಡಿಸಿದ್ದು ವ್ಯರ್ಥವೂ ಅಲ್ಲ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ 60 ಮಂದಿ ಪಾರ್ಶ್ವವಾಯು ರೋಗಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಎರಡು ತಿಂಗಳು ಪ್ರತಿದಿನ ತಮಗೆ ಬೇಕಾದ ಸಂಗೀತವನ್ನೂ ಇನ್ನೊಂದಕ್ಕೆ ಓದಿ ಮುದ್ರಿಸಿದ ಪುಸ್ತಕಗಳನ್ನೂ ಕೇಳಿಸಿದರು. ಮೂರನೆಯದಕ್ಕೆ ಎರಡೂ ಇರಲಿಲ್ಲ. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಂಗೀತ ಕೇಳಿದವರಲ್ಲಿ ಶಬ್ದಗಳ ನೆನಪು ಮತ್ತು ಏಕಾಗ್ರತೆ ಉಳಿದವರಿಗಿಂತ ಚೆನ್ನಾಗಿ ಮರಳಿದ್ದವು. ಏನೂ ಕೇಳದವರಿಗಿಂತ ಮನಸ್ಸಿನ ಕುಗ್ಗೂ ಕಡಿಮೆಯಿತ್ತು. ಲಕ್ವದ ಅನಂತರ ಮನಸ್ಸು ಕುಗ್ಗುವುದು ಬಹಳ ಸಾಮಾನ್ಯ, ಕುಗ್ಗಿದ ಮನಸ್ಸು ವ್ಯಾಯಾಮವನ್ನೂ ಔಷಧವನ್ನೂ ಒಲ್ಲೆನ್ನುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ಚಿಕಿತ್ಸಾಗೃಹವನ್ನು ಸಜ್ಜುಗೊಳಿಸುವ ಬಗೆ ಬರುತ್ತದೆ. ಅಡುಗೆಯವರು, ಸ್ನಾನ ಮಾಡಿಸುವವರು, ಔಷಧ ಅರೆಯುವವರ ಜೊತೆಯಲ್ಲಿಯೇ ಗೀತ, ವಾದ್ಯ, ಗಾಥೆ, ಕಥೆಗಳಲ್ಲಿ ನಿಪುಣರಾದವರೂ ಇರಬೇಕೆಂದು ಆಚಾರ್ಯರು ವಿಧಿಸಿದ್ದಾರೆ. ವಿದ್ಯಾರ್ಥಿದೆಸೆಯಲ್ಲಿ ನಾವು ಅದನ್ನು ಶ್ರೀಮಂತರ ವಿಲಾಸವೆಂದು ತಿಳಿದು ಪುಟ ತಿರುಗಿಸಿದ್ದೆವು.

ಮತ್ತೆರಡು ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಪಾರ್ಕಿನ್ಸನ್ ಅಥವಾ ಕಂಪವಾತದವರು ನಡೆಯುವಾಗ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ತಾಳದ ಸಮಗತಿಗೆ ಹೆಜ್ಜೆ ಹಾಕಿಸಿದರೆ ನಡಿಗೆ ಸುಧಾರಿಸುತ್ತದೆಂಬುದು 1990ರ ದಶಕದಿಂದ ಪರೀಕ್ಷಿತವಾದ ವಿಷಯ. ಮರೆವಿನ ಕಾಯಿಲೆಯ ಹಿರಿಯರು ಸಂಜೆ ಹೊತ್ತು ಕಳವಳಗೊಂಡಾಗ, ಅವರ ಹರೆಯದ ಕಾಲದ ಹಾಡು ಸಮಾಧಾನ ತರಬಲ್ಲದು. ಮೊಮ್ಮಕ್ಕಳ ಮೊಬೈಲಿನ ಹಾಡಲ್ಲ.

ಇಂಥ ರಾಗ ಕೇಳಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆ, ಇಂಥದಕ್ಕೆ ಮೂತ್ರಪಿಂಡದ ಕಲ್ಲು ಕರಗುತ್ತದೆ ಎಂಬ ಪಟ್ಟಿಗಳು ವಾಟ್ಸಾಪಿನಲ್ಲಿ ಹರಿದಾಡುತ್ತಿವೆ. ಭಕ್ತರು ಅವನ್ನು ನಮಗೂ ಕಳಿಸುತ್ತಾರೆ. ದಯವಿಟ್ಟು ಅವನ್ನು ನಂಬಿ ಔಷಧ ಬಿಡಬೇಡಿರಿ.

ಲಕ್ವದ ಮೊದಲ ಗಳಿಗೆಯಲ್ಲಂತೂ ಹಾಡಿಗೆ ಸ್ಥಾನವಿಲ್ಲ, ನಮ್ಮ ಕಷಾಯಕ್ಕೂ ಇಲ್ಲ. ಬಾಯಿ ಓರೆಯಾಗುವುದು, ಒಂದು ಕೈ ಮೇಲೇಳದಿರುವುದು, ಮಾತು ತೊದಲುವುದು: ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಬೇಕು. ರಕ್ತ ಹೆಪ್ಪುಗಟ್ಟಿ ಆದ ಲಕ್ವವಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುತ್ತದೆ. ನಾಟಿ ಔಷಧಕ್ಕೆಂದು ಇನ್ನೊಂದು ಊರಿಗೆ ಒಯ್ಯುವಷ್ಟರಲ್ಲಿ ಆ ಸಮಯ ಮೀರಿರುತ್ತದೆ. ಬಾಯಿಗೆ ನೀರು, ಚಹಾ, ಯಾವುದೇ ಔಷಧ ಹಾಕಕೂಡದು. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಮ್ಮ ಅಭ್ಯಂಗ, ಸ್ವೇದನಗಳ ಸರದಿ ಅಪಾಯ ಕಳೆದ ಮೇಲೆ, ಅಲ್ಲಿನ ವೈದ್ಯರ ಒಪ್ಪಿಗೆಯೊಡನೆ.

ಆ ಬಳಿಕ ನಮ್ಮಲ್ಲಿಗೆ ಬರುವವರು ಸ್ಕ್ಯಾನ್ ವರದಿ, ಗುಳಿಗೆಗಳ ಚೀಟಿಗಳ ಜೊತೆಗೆ ಇನ್ನೊಂದು ಹಾಳೆಯನ್ನೂ ತರಬೇಕೆಂದು ಈಗ ಕೇಳುತ್ತಿದ್ದೇವೆ. ಕಾಯಿಲೆಗೆ ಮುಂಚೆ ಅವರು ಹಾಡುತ್ತಿದ್ದ ಹಾಡುಗಳಾವುವು, ಮನೆಯವರನ್ನು ಏನೆಂದು ಕರೆಯುತ್ತಿದ್ದರು, ಸಿಟ್ಟು ಬಂದಾಗ ಏನನ್ನುತ್ತಿದ್ದರು ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಬನ್ನಿರಿ. ಬರೆಯುವ ಕೆಲಸವನ್ನು ಮನೆಯ ತಾಯಂದಿರ ಬಳಿ ಕುಳಿತು ಮಾಡಿರಿ.