ಅಳಿಸಿದರೂ ಅಳಿಯದ ಟ್ವೀಟ್
ನಿಮಗಿದು ಗೊತ್ತೆ? ರಾಜಕಾರಣಿಗಳು ಅಳಿಸಿಹಾಕಿದ ಟ್ವೀಟ್‌ಗಳನ್ನೇ ಹೆಕ್ಕಿ ಜೋಪಾನ ಮಾಡುವ ಜಾಲತಾಣವೊಂದಿತ್ತು. ಹೆಸರು ಪಾಲಿಟ್ವೂಪ್ಸ್. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ್ದು, 2012ರಲ್ಲಿ ಅಮೆರಿಕಕ್ಕೂ ಬಂತು.

2014ರಲ್ಲಿ ಅಮೆರಿಕದ ಸೈನಿಕ ಬೋ ಬರ್ಗ್‌ಡಾಲ್ ತಾಲಿಬಾನ್ ಸೆರೆಯಿಂದ ಬಿಡುಗಡೆಯಾದಾಗ ಅಲ್ಲಿನ ಕೆಲವು ಸಂಸದರು ಸಂಭ್ರಮದ ಟ್ವೀಟ್ ಹಾಕಿದರು. ಆದರೆ ಆತನಿಗೆ ಪ್ರತಿಯಾಗಿ ಗ್ವಾಂಟಾನಮೊ ಜೈಲಿನಿಂದ ಐವರು ತಾಲಿಬಾನಿಗಳನ್ನು ಬಿಟ್ಟದ್ದು ತಿಳಿದು ಆಕ್ರೋಶ ಎದ್ದಿತು. ಟ್ವೀಟ್‌ಗಳು ಸದ್ದಿಲ್ಲದೆ ಮಾಯವಾದವು. ಪಾಲಿಟ್ವೂಪ್ಸ್ ಕಡತದಲ್ಲಿ ಮಾತ್ರ ಭದ್ರವಾಗಿ ಉಳಿದವು. (ಬರೀ ಕಾಗುಣಿತದ ತಪ್ಪಿಗೆ ಅಳಿಸಿದವೂ ಅಲ್ಲಿ ಇದ್ದವೆನ್ನಿ!)

ಅಳಿಸುವ ಹಕ್ಕು ಎಲ್ಲರಿಗೂ ಉಂಟು ಎಂದು 2015ರಲ್ಲಿ ಟ್ವಿಟರ್ ಈ ತಾಣಕ್ಕೆ ಮಾಹಿತಿ ಕೊಡುವುದನ್ನೇ ನಿಲ್ಲಿಸಿತು. ಟೀಕೆ ಜೋರಾದ ಮೇಲೆ, ಅದೇ ವರ್ಷದ ಡಿಸೆಂಬರ್ 31ರಂದು ಟ್ವಿಟರ್ ತನ್ನ ನಿರ್ಧಾರವನ್ನೇ ಅಳಿಸಿಕೊಂಡಿತು.