ನೋವು ಮರೆಸುವ ಹಿಮಕಣಿವೆ: ವರ್ಚುವಲ್ ರಿಯಾಲಿಟಿಯ ವ್ಯಾವಹಾರಿಕ ಮುಖ

ಸುಟ್ಟ ಗಾಯವನ್ನು ತೊಳೆದು ಪಟ್ಟಿ ಬದಲಿಸುವಾಗಿನ ನೋವು ಪ್ರಬಲ ಔಷಧಿಗಳಿಗೂ ಪೂರ್ಣವಾಗಿ ಮಣಿಯುವುದಿಲ್ಲ. ಮರುದಿನ ಮತ್ತೆ ಅದೇ ನೋವೆಂಬ ಭಯ ಬೇರೆ. ಅಮೆರಿಕದ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ ಇದಕ್ಕೆ ರೂಪಿಸಿದ ಉಪಾಯವೇ ‘ಸ್ನೋವರ್ಲ್ಡ್’. ತಲೆಗೆ ಧರಿಸಿದ ಉಪಕರಣದೊಳಗೆ ರೋಗಿಯು ಹಿಮಕಣಿವೆಯಲ್ಲಿ ತೇಲುತ್ತ, ಪೆಂಗ್ವಿನ್‌ಗಳತ್ತ ಹಿಮದುಂಡೆಗಳನ್ನು ಎಸೆಯುತ್ತಾನೆ. ಮನುಷ್ಯನ ಗಮನಕ್ಕೆ ಮಿತಿಯುಂಟು. ಬಹುಪಾಲು ಕಣಿವೆಯಲ್ಲಿ ವ್ಯಯವಾದರೆ ನೋವಿಗೂ ಭಯಕ್ಕೂ ಉಳಿಯುವುದು ಅಲ್ಪ. 2000ದಲ್ಲಿ ‘ಪೇನ್’ ನಿಯತಕಾಲಿಕೆಯಲ್ಲಿ ಪ್ರಕಟವಾದ ಈ ತಂಡದ ವರದಿ ಕೇವಲ ಇಬ್ಬರು ಹದಿಹರೆಯದವರದು. ಸಾಮಾನ್ಯ ವಿಡಿಯೋ ಆಟಕ್ಕಿಂತ ವರ್ಚುವಲ್ ರಿಯಾಲಿಟಿಯಲ್ಲಿ ನೋವು ಕಡಿಮೆಯೆನಿಸಿತ್ತು. ಮುಂದೆ ದಂತಚಿಕಿತ್ಸೆ, ಮಕ್ಕಳಿಗೆ ಸೂಜಿ ಚುಚ್ಚುವ ಸಂದರ್ಭಗಳಿಗೂ ಈ ಪ್ರಯೋಗ ವಿಸ್ತರಿಸಿತು. ಇದು ಔಷಧಿಗೆ ಪೂರಕವೇ ಹೊರತು ಪರ್ಯಾಯವಲ್ಲ. ಕೆಲವರಿಗೆ ತಲೆಸುತ್ತು, ವಾಕರಿಕೆಯೂ ಬರುತ್ತದೆ.

2016ರಲ್ಲಿ ಆಕ್ಯುಲಸ್ ರಿಫ್ಟ್ 599 ಡಾಲರ್‌ಗೆ ಮಾರುಕಟ್ಟೆಗೆ ಬಂದ ಮೇಲೆ, ಪ್ರಯೋಗಾಲಯದ ಸರಕು ಅಂಗಡಿಯ ಸರಕಾಯಿತು. ಆ ಉಪಕರಣ ತಯಾರಿಕೆಯಲ್ಲಿ ದೈತ್ಯ ಕಂಪನಿಗಳೊಡನೆ ಸ್ಪರ್ಧೆ ನಮ್ಮ ಸಣ್ಣ ಉದ್ದಿಮೆದಾರರಿಗೆ ಸಾಧ್ಯವಿಲ್ಲ. ಆ ಆಸೆಯನ್ನು ಬಿಡುವುದೇ ಲೇಸು. ಅವಕಾಶವಿರುವುದು ಸುತ್ತಲಿನ ವಸ್ತುಗಳಲ್ಲಿ. ಮುಖಕ್ಕೆ ತಾಗುವ ಮೆತ್ತೆ ಒಬ್ಬರಿಂದೊಬ್ಬರಿಗೆ ಸೋಂಕು ಹರಡಬಾರದು. ಆದ್ದರಿಂದ ಒರೆಸಿ ಶುದ್ಧಗೊಳಿಸಬಹುದಾದ ಅಥವಾ ಬಳಸಿ ಎಸೆಯುವ ಹೊದಿಕೆಗಳು, ಪಟ್ಟಿಗಳು ನಿರಂತರ ಬೇಡಿಕೆಯ ಸರಕು. ಕನ್ನಡದ ಧ್ವನಿಸೂಚನೆಗಳೂ ಬೇಕು. ಗಾಬರಿಗೊಂಡ ಹಳ್ಳಿಯ ಮಗುವಿಗೆ ಇಂಗ್ಲಿಷಿನಲ್ಲಿ ಧೈರ್ಯ ಹೇಳಿ ಫಲವೇನು?

ಆದರೆ ಕರಪತ್ರ ಅಚ್ಚು ಹಾಕಿಸುವ ಮುನ್ನ ಕಾನೂನನ್ನು ನೋಡಿರಿ. 2020ರ ಏಪ್ರಿಲ್ 1ರಿಂದ ರೋಗ ಅಥವಾ ಗಾಯದ ಉಪಶಮನಕ್ಕೆಂದು ಮಾರುವ ಉಪಕರಣಗಳು, ತಂತ್ರಾಂಶ ಸಹಿತ, ವೈದ್ಯಕೀಯ ಸಾಧನಗಳ ವ್ಯಾಖ್ಯೆಗೆ ಒಳಪಟ್ಟಿವೆ. ಅಲ್ಲಿ ನಿರ್ಣಾಯಕವಾಗುವುದು ತಯಾರಕನು ಘೋಷಿಸುವ ಉದ್ದೇಶ. ‘ಮನರಂಜನೆಗೆ’ ಎಂದರೆ ಒಂದು ಮಾತು. ‘ನೋವು ಶಮನಕ್ಕೆ’ ಎಂದರೆ ಪರವಾನಗಿ, ಗುಣಮಟ್ಟದ ದಾಖಲೆ, ಪುರಾವೆ ಎಲ್ಲವೂ ಬೇಕಾಗುತ್ತವೆ. ಅಮೆರಿಕದಲ್ಲಿಯೂ ಬೆನ್ನುನೋವಿನ ‘ಈಸ್‌ವಿಆರ್‌ಎಕ್ಸ್’ಗೆ ಎಫ್‌ಡಿಎ 2021ರ ನವೆಂಬರಿನಲ್ಲಿ ಅನುಮತಿ ನೀಡಿದ್ದು ವೈದ್ಯರ ಚೀಟಿಯ ಷರತ್ತಿನ ಮೇಲೆಯೇ.

ಇನ್ನು ಲೆಕ್ಕದ ಮಾತು. ಆಸ್ಪತ್ರೆಗಳ ಚಿಕಿತ್ಸಾ ಸೇವೆಗೆ ಬಹುತೇಕ ಜಿಎಸ್‌ಟಿ ವಿನಾಯಿತಿಯಿದೆ. ಆದಕಾರಣ ತಾವು ವಿಧಿಸುವ ತೆರಿಗೆಗೆ ಆ ಮಟ್ಟಿಗೆ ಅವರಿಗೆ ಹೂಡುವಳಿ ತೆರಿಗೆ ಜಮೆ ಸಿಗದು. ಅದು ನೇರ ಖರ್ಚೇ ಆಗುತ್ತದೆ. ವ್ಯಾಪಾರಿಗೆ ಹೇಳುವಂತೆ ‘ತೆರಿಗೆ ಪ್ರತ್ಯೇಕ’ ಎಂದು ಆಸ್ಪತ್ರೆಗೆ ದರಪಟ್ಟಿ ಕಳುಹಿಸಿದರೆ ವ್ಯವಹಾರ ಕುದುರುವುದು ಕಷ್ಟ. ತೆರಿಗೆ ಸೇರಿದ ಒಟ್ಟು ಬೆಲೆಯನ್ನೇ ತಿಳಿಸಿ, ಉಪಕರಣ, ತಂತ್ರಾಂಶ, ಹೊದಿಕೆಗಳ ಮಾಸಿಕ ಪೂರೈಕೆ ಮತ್ತು ವಾರ್ಷಿಕ ನಿರ್ವಹಣೆಯನ್ನು ಬೇರೆ ಬೇರೆಯಾಗಿ ನಮೂದಿಸುವುದು ಒಳಿತು.